ನನ್ನ ಯಜಮಾನರ ಕೆಮ್ಮನ್ನು ಕಾಪಾಡಿದ ಅಧಿಕಾರಿಗಳಿಗೆ

ವಿಶ್ವವಿದ್ಯಾಲಯದ ಮಾನ್ಯ ಧ್ವನಿ ದಾಖಲೆ ಅಧಿಕಾರಿಗಳೇ,

ನನ್ನ ಯಜಮಾನರ ಕೆಮ್ಮನ್ನು ಮುಂದಿನ ಪೀಳಿಗೆಗಾಗಿ ಜೋಪಾನವಾಗಿ ಉಳಿಸಿದ್ದೀರಿ, ಕೃತಜ್ಞತೆಗಳು. ಅವರ ಬದುಕನ್ನು ಮಾತ್ರ ಅಳಿಸಿಹಾಕಿದ್ದೀರಿ. ಏಕೆಂದು ಕೇಳಲು ಈ ಪತ್ರ.

ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ನಿವೃತ್ತರಾದ ಸುಬ್ಬರಾಯಪ್ಪನವರಿಗೆ ಲಕ್ವ ಹೊಡೆದ ಮೇಲೆ ಹಳೆಯದೆಲ್ಲ ಮಸುಕು. ನಿವೃತ್ತ ಪ್ರಾಧ್ಯಾಪಕರ ನೆನಪುಗಳನ್ನು ಧ್ವನಿಮುದ್ರಿಸುತ್ತೇವೆಂದು ೧೯೮೩ರಲ್ಲಿ ನೀವು ಟೇಪ್ ರೆಕಾರ್ಡರ್ ಹೊರಿಸಿಕೊಂಡು ಮುಳಬಾಗಿಲಿನ ನಮ್ಮ ಮನೆಗೆ ಬಂದಾಗ ಬಾಗಿಲಲ್ಲೇ ಇದನ್ನು ತಿಳಿಸಿದೆ. "ಪರವಾಗಿಲ್ಲಮ್ಮ, ಸಾರ್ ಪಕ್ಕ ನೀವೂ ಕೂತ್ಕೊಂಡು ಜ್ಞಾಪಿಸಿ" ಎಂದವರು ತಾವೇ. ಕೂತೆ. ನೀವು ಕೇಳಿದಿರಿ, ಅವರು ನನ್ನ ಮುಖ ನೋಡಿದರು, ನಾನು ಹೇಳಿದೆ. ಮಾಲೂರಿನಿಂದ ರೈಲಿನಲ್ಲಿ ಗಿಡಗಳ ಕಂತೆ ಹೊತ್ತು ಹೋಗುತ್ತಿದ್ದದ್ದು, ಟಿಕೆಟ್ ಕೇಳಲು ಬಂದವರಿಗೆ ಎಲೆಯ ನರ ತೋರಿಸಿ ಪಾಠ ಮಾಡಿದ್ದು, ಎಲ್ಲ. ಯಾರದೋ ಕಥೆಯೆಂಬಂತೆ ಅವರು ನಗುತ್ತಾ ಕೇಳಿದರು.

ಮೊನ್ನೆ ಕೋಲಾರದ ಸಮಾರಂಭದಲ್ಲಿ ಅವರಿಗೆ ಶಾಲು ಹೊದಿಸಿ ಆ ಟೇಪ್ ಹಾಕಿಸಿದಿರಿ. ನಿಮ್ಮ ಪ್ರಶ್ನೆ. ಕೆಮ್ಮು. ಮತ್ತೊಂದು ಪ್ರಶ್ನೆ. "ಹೂಂ." ಆಮೇಲೆ "ಅಲ್ವೇನೇ?" ನನ್ನದೊಂದು ಮಾತೂ ಇಲ್ಲ! ವಿಚಾರಿಸಿದರೆ, ವಿಶ್ವವಿದ್ಯಾಲಯದ ನೌಕರರಲ್ಲದವರ ಧ್ವನಿ ನಿಯಮಬಾಹಿರ, ಕತ್ತರಿಸಲಾಗಿದೆ ಎಂದಿರಿ. ಹಾಗಾದರೆ ನಮ್ಮ ಹಿತ್ತಲಿನ ಹುಂಜ ಯಾವ ವಿಭಾಗದಲ್ಲಿತ್ತು ಸ್ವಾಮಿ? ಅದರ ಕೂಗು ಸ್ಪಷ್ಟವಾಗಿ ಉಳಿದಿದೆಯಲ್ಲ! ಸಭಿಕರು ಅದಕ್ಕೂ ಚಪ್ಪಾಳೆ ತಟ್ಟಿದರು.

ಟೇಪಿನ ದನಿ ಕೇಳಿ ಯಜಮಾನರು ನನ್ನ ಕಿವಿಯಲ್ಲಿ, "ಯಾರೇ ಇವನು? ಏನ್ ಕೇಳಿದ್ರೂ ಗೊತ್ತಿಲ್ವಲ್ಲ, ಪಾಪಂ!" ಎಂದರು.

"ನೀವೇ ಕಣ್ರೀ."

ಅವರ ನಗು ಇಳಿಯಿತು. "ನಾನಾ? ಮತ್ತೆ ನೀನೆಲ್ಲಿ ಹೋಗಿದ್ದೆ?"

ಎದ್ದು ಹೋಗಿ ಮೈಕಿನ ಮುಂದೆ ನಿಂತೆ. ದೇವರಾಯಸಮುದ್ರದ ಕೆರೆಯಲ್ಲಿ ವಿದ್ಯಾರ್ಥಿಗಳಿಗೆ ಜೊಂಡು ತೋರಿಸಲು ಇಳಿದು, ಕೆಸರಿನಲ್ಲಿ ಮಂಡಿಯವರೆಗೆ ಹೂತುಹೋದರೂ ಅವರು ಪಾಠ ನಿಲ್ಲಿಸದ ಪ್ರಸಂಗ ಹೇಳತೊಡಗಿದೆ. ನೀವು ಮೈಕ್ ಆರಿಸಿಬಿಟ್ಟಿರಿ. ನಾನು ನಿಲ್ಲಿಸಲಿಲ್ಲ. ಹಿಂದಿನ ಸಾಲಿನಲ್ಲಿ ಅವರ ಹಳೆಯ ಶಿಷ್ಯ, ಶ್ರೀನಿವಾಸಪುರದ ಗಂಗುಲಪ್ಪ ಎದ್ದರು. "ಅಮ್ಮಾ, ಆವತ್ತು ಕೆಸರಲ್ಲಿ ಕೈ ಹಾಕಿ ಸಾರ್ ಚಪ್ಪಲಿ ತೆಗೆದೋನು ನಾನೇ!"

ಯಜಮಾನರು ಅವರನ್ನೇ ದಿಟ್ಟಿಸಿದರು. "ಒಂದೇ ಕಣೋ ಸಿಕ್ಕಿದ್ದು" ಎಂದರು.

ಲಕ್ವ ಹೊಡೆದ ಮೇಲೆ ಅವರು ತಾವಾಗಿ ನೆನೆದ ಮೊದಲ ಮಾತು ಅದು. ನಿಮ್ಮ ಯಂತ್ರ ಆಗ ಪೆಟ್ಟಿಗೆ ಸೇರಿತ್ತು.

ಅದನ್ನು ಹೊತ್ತು ಮತ್ತೆ ಬನ್ನಿ. ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಮುದ್ರಿಸಿಕೊಳ್ಳಿ, ಗಂಗುಲಪ್ಪನವರನ್ನೂ ಕರೆಸಿ. ಬೆಳಿಗ್ಗೆಯೇ ಬನ್ನಿ, ಮಧ್ಯಾಹ್ನ ಅವರು ಮಲಗುತ್ತಾರೆ. ತಡ ಮಾಡಬೇಡಿ.

ಇಂತಿ,
ಮೈಕ್ ಇಲ್ಲದೆ ಮಾತಾಡಿ ಗಂಟಲು ಕಟ್ಟಿಕೊಂಡಿರುವ
ವೆಂಕಟರತ್ನಮ್ಮ, ಮುಳಬಾಗಿಲು