ಕಷಾಯ ಕಳಿಸುತ್ತಿಲ್ಲ

ಬೋಝೌ
7 ನವೆಂಬರ್ 1996

ಮಗಳೇ ಯುಝೆನ್,

ಹೇಗಿದ್ದೀಯವ್ವಾ? ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಅಮ್ಮನಿಗೆ ಬರೆಯಲು ಏನು ಧಾಡಿ ಎಂದು ಬೈದುಕೊಂಡಿರುತ್ತೀಯ, ಬೈದುಕೋ. ಇವತ್ತು ಚಳಿಗಾಲ ಕಾಲಿಡುವ ದಿನ. ಬಲಕ್ಕೆ ಬೇರು ಕಟ್ಟಿಸಿಕೊಳ್ಳಲು ಊರಿಗೆ ಊರೇ ನಮ್ಮ ಮದ್ದಿನ ಅಂಗಡಿ ಮುಂದೆ ನಿಂತಿದೆ. ತೋಫು ಮಾರುವ ಕುಯಿ ಅಜ್ಜಿಯೂ ಬಂದಿದ್ದಳು. "ನಂಗೂ ಜಿನ್ಸೆಂಗ್ ಕೊಡೇ, ಸೊಸೆ ಜೊತೆ ಜಗಳಾಡೋಕೆ ಉಸಿರು ಸಾಲ್ತಿಲ್ಲ" ಅಂದಳು. ನಕ್ಕೂ ನಕ್ಕೂ ಸಾಕಾಯಿತು.

ಮೊಮ್ಮಗಳು ನಿಂಗ್‌ನಿಂಗ್ ವಿಷಯ ಬರೆದಿದ್ದೀಯ. ನಾಲ್ಕು ಮೆಟ್ಟಿಲಿಗೇ ಏದುಸಿರು, ಕೂತಲ್ಲೇ ಬೆವರು, ಕೇಳಿಸದಷ್ಟು ಮೆಲುದನಿ, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು. "ಕಸುವು ಕಡಿಮೆಯ ಮೈ ಅಲ್ವಾ ಅಮ್ಮ? ಕಷಾಯಕ್ಕೆ ಹ್ವಾಂಗ್‌ಛಿ ಬೇರು ಕಳಿಸು" ಎಂದಿದ್ದೀಯ. ನಾನೇ ಕಲಿಸಿದ ಪಾಠ, ಒಂದಕ್ಷರ ತಪ್ಪಿಲ್ಲ. ಆದರೆ ಇದೇ ಲಕ್ಷಣ ನೋಡಿ ನಿನ್ನ ತಂಗಿ ಸುಮೇಯ್‌ಗೆ ಎರಡು ಚಳಿಗಾಲ ಆ ಬೇರು ಹಾಕಿದ ಕರಿಕೋಳಿ ಸಾರು ಕುಡಿಸಿದ್ದೆ. ಆಗ ಅವಳಿಗೆ ಹದಿನಾಲ್ಕು, ಈಗ ನಿನ್ನ ಮಗಳಿಗೂ ಅಷ್ಟೇ.

ಅವಳು ಹೋಗಿ ಇಪ್ಪತ್ತಾರು ವರ್ಷ. ಇಂದಿಗೂ ಬೇರು ಹೆಚ್ಚುವ ಕತ್ತಿ ನಿಲ್ಲಿಸಿದರೆ ಸಾಕು, ಕಪಾಟಿನ ಹಿಂದೆ ಉಸಿರು ಕೇಳುತ್ತದೆ. ಮಾತಿಲ್ಲ, ಮೆಟ್ಟಿಲು ಹತ್ತಿ ಬಂದವಳ ಉಸಿರು ಮಾತ್ರ. ಹೆದರಿಕೆಯಾಗುತ್ತದೆ ಕಣೇ. ಅದಕ್ಕೇ ಕತ್ತಿ ನಿಲ್ಲಿಸುವುದಿಲ್ಲ, ಮಾಲು ಮುಗಿದರೂ ಹೆಚ್ಚುತ್ತಲೇ ಇರುತ್ತೇನೆ.

ಕಷಾಯ ಕಳಿಸುತ್ತಿಲ್ಲ. ಬೇರನ್ನು ನಾನು ದೂರುವುದಿಲ್ಲ, ಅದರಿಂದ ಎದ್ದು ಓಡಾಡಿದವರನ್ನು ಕಂಡಿದ್ದೇನೆ. ಆದರೆ ಇವಳ ಮೈಯೇ ಹೀಗೆ ಎಂದು ಒಮ್ಮೆ ಹೆಸರಿಟ್ಟರೆ, ಆಮೇಲೆ ನಾವು ಬೇರೇನನ್ನೂ ಹುಡುಕುವುದಿಲ್ಲ. ನಾಳೆಯೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎದೆ ತೋರಿಸು. ಹೃದಯಕ್ಕೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಲಿ, ಗಾಡಿಗಟ್ಟಲೆ ಬೇರು ಕಳಿಸುತ್ತೇನೆ.

ಮಗು ನೂರು ವರ್ಷ ಬಾಳಲಿ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ

ಮತ್ತೊಂದು ಮಾತು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ನೀನು ಸುಮೇಯ್‌ಳನ್ನು ಹೊಳೆಗೆ ಕರೆದೊಯ್ದದ್ದಕ್ಕೇ, ತಣ್ಣೀರಲ್ಲಿ ಇದ್ದಬದ್ದ ಬಲವೂ ಸೋರಿ ಅವಳು ಸತ್ತಳು ಎಂದು ಊರೆದುರು ಅಂದೆ. "ತಂಗೀನ ತಿಂದ್ಕೊಂಡೆ ನೀನು" ಎಂದೆ. ಇಂದಿಗೂ ನೀನು ನೀರಿಗಿಳಿಯುವುದಿಲ್ಲ, ನನಗೆ ಗೊತ್ತು. ನಿನ್ನ ತಪ್ಪು ಒಂಚೂರೂ ಇರಲಿಲ್ಲ ಮಗಳೇ. ಆ ಬೆಳಿಗ್ಗೆ ನಾನು ಅವಳ ನಾಡಿ ಹಿಡಿದಿದ್ದೆ. ಐದು ಬಡಿತಕ್ಕೊಂದು ತಪ್ಪುತ್ತಿತ್ತು. ಎರಡು ವರ್ಷ ಸಾರು ಕುಡಿಸಿದವಳು ಈಗ ಯಾರಿಗೆ ಏನೆಂದು ಹೇಳಲಿ ಎಂದು ನಾಚಿಕೆಯಾಯಿತು. ಅವಳ ಕೈ ಬಿಟ್ಟು, "ಏನಿಲ್ಲ, ಅಕ್ಕನ ಜೊತೆ ಹೋಗಿ ಆಡ್ಕೊಂಡು ಬಾ" ಎಂದು ಕಳಿಸಿದವಳು ನಾನೇ.