ಅಜ್ಜಿ ತಲೆ ಬಾಚುವಾಗ ಹೇಳುತ್ತಿದ್ದ ಮಾತು

ಪ್ರೀತಿಯ ಅಕ್ಕ,

ಸುಖವಾಗಿ ತಲುಪಿದೆ, ಮಂಡಿನೋವೂ ಕಡಿಮೆ. ಅಜ್ಜಿ ಆಡುತ್ತಿದ್ದ, ಈಗ ಮರೆಯಾಗುತ್ತಿರುವ ಭಾಷೆ ಕಲಿಯಲು ಇಲ್ಲಿ ಒಂಬತ್ತು ಜನ ಬಂದಿದ್ದೇವೆ, ಎಲ್ಲರ ತಲೆಯೂ ನರೆತಿದೆ. ಕಲಿಸುವವರು ಒಬ್ಬ ಟೈಲರಮ್ಮ. ಇವತ್ತು ಅವರು ಬಾಚಣಿಗೆ ಎತ್ತಿ ಅದರ ಹೆಸರು ಹೇಳಿದ್ದೇ ತಡ, ಅಜ್ಜಿ ನಮ್ಮ ಸಿಕ್ಕು ಬಿಡಿಸುತ್ತಾ ಗೊಣಗುತ್ತಿದ್ದ ಸಾಲು ನನ್ನ ಬಾಯಿಂದ ತಾನಾಗಿ ಬಂದುಬಿಟ್ಟಿತು. ನಾವು ಬೈಗುಳ ಅಂದುಕೊಂಡಿದ್ದೆವಲ್ಲ, ಅದರ ಅರ್ಥ "ಅಳಬೇಡ ಚಿನ್ನ, ಇನ್ನೊಂದೇ ಗಂಟು" ಅಂತೆ!

ಟೈಲರಮ್ಮ ನನ್ನ ಕೈ ಹಿಡಿದುಕೊಂಡು, "ನಮ್ಮಮ್ಮ ಹೋದ್ಮೇಲೆ ಇದನ್ನ ಕೇಳೇ ಇರ್ಲಿಲ್ಲ ಕಣಮ್ಮ. ಮುಂದಿನ ಸಾಲು ಹೇಳು, ನಂಗೆ ಮರ್ತೇ ಹೋಗಿದೆ" ಅಂದರು. ನನಗೂ ಬರಲಿಲ್ಲ.

ಆಗ ನಿನ್ನ ಜಡೆ ಉದ್ದವಿತ್ತು, ಅಜ್ಜಿಯ ಮುಂದೆ ಹೆಚ್ಚು ಹೊತ್ತು ಕೂತವಳು ನೀನೇ. ತಪ್ಪಾದರೂ ಸರಿ, ನೆನಪಾದಷ್ಟನ್ನು ಬೇಗ ಬರೆ. ಟೈಲರಮ್ಮನಿಗೆ ಎಂಬತ್ತೆರಡು.

ನಿನ್ನ ತಂಗಿ