ಒಂದೇ ಮನೆಯಲ್ಲಿ ಇಬ್ಬರು ಮೈನರ್

ವಿದ್ಯಾರ್ಥಿನಿಯರ ಹಾಸ್ಟೆಲ್, ಮೇಲಿನ ಮಹಡಿ
ಮಾರ್ಚ್ ೨೧, ಗುರುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕೆಮ್ಮಿನ ಔಷಧಿಯನ್ನು ಮುಗಿಯುವವರೆಗೂ ಕುಡಿ, ಕೆಮ್ಮು ನಿಂತ ಕೂಡಲೇ ಬಾಟಲಿಯನ್ನು ಮೂಲೆಗೆ ತಳ್ಳಬೇಡ. ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಸ್ವೆಟರಿನ ಒಂದು ತೋಳು ಮುಗಿಸಿದ್ದಾಳೆ, ಇನ್ನೊಂದಕ್ಕೆ ಅದೇ ಬಣ್ಣದ ಉಣ್ಣೆ ಸಿಗದೆ ಅಂಗಡಿಯವನ ಜೊತೆ ಜಗಳವಾಡಿಕೊಂಡು ಬಂದಿದ್ದಾಳಂತೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕೆಂದಿದ್ದೆ. ಆದರೆ ಅಪ್ಪಾ, ನನಗೆ ತುಂಬಾ ಭಯವಾಗಿದೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಗಣಿಯ ಫೋನಿಗಾಗಿ ನಿನ್ನ ಹಿಂದೆ ಸರದಿ ನಿಂತವರು ಗಂಟಲು ಸರಿಮಾಡಿಕೊಳ್ಳುವುದು ನನಗೇ ಕೇಳಿಸುತ್ತದೆ. ಅದಕ್ಕೇ ಕಾಗದ.

ಎರಡನೇ ವರ್ಷ ಮುಗಿಯುವುದರೊಳಗೆ ವಿಶ್ವವಿದ್ಯಾಲಯಕ್ಕೆ ಎರಡು ವಿಷಯ ಘೋಷಿಸಿ ಕೊಡಬೇಕು ಎಂದು ಹೇಳಿದ್ದೆನಲ್ಲ. ಒಂದು ಮೈನರ್, ಅಂದರೆ ನನ್ನ ಭೂವಿಜ್ಞಾನದ ಜೊತೆಗೆ ಬೇರೆ ವಿಭಾಗದಲ್ಲಿ ಓದುವ ಉಪವಿಷಯ. ಇನ್ನೊಂದು, ಭೂವಿಜ್ಞಾನದೊಳಗೇ ಆರಿಸಿಕೊಂಡು ಆಳವಾಗಿ ಓದುವ ವಿಶೇಷ ಭಾಗ. ನಾನು ‘ಮೈನರ್’ ಎಂದ ಕೂಡಲೇ ನೀನು, ‘ಮನೇಲಿ ಒಬ್ಬ ಮೈನರ್ ಮಣ್ಣೊಳಗೆ ಒದ್ದಾಡ್ತಿರೋದು ಸಾಲ್ದೇನೇ, ನೀನೂ ಆಗ್ಬೇಕಾ?’ ಎಂದು, ಗಣಿ ಕೆಲಸಗಾರನಿಗೂ ಇಂಗ್ಲಿಷಿನಲ್ಲಿ ಮೈನರ್ ಎನ್ನುವುದನ್ನೇ ಹಿಡಿದು ನಕ್ಕಿದ್ದೆ. ಉಪವಿಷಯದ್ದೇನೂ ತಲೆನೋವಿಲ್ಲ, ಸಂಖ್ಯಾಶಾಸ್ತ್ರ ತೆಗೆದುಕೊಂಡೆ. ನಿಯಮಗಳು ಮಾತ್ರ ಒಂದಕ್ಕೊಂದು ತೊಡರಿಕೊಂಡಿವೆ. ಒಂದು ಪತ್ರಿಕೆಯನ್ನು ಎರಡೂ ಕಡೆ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಘೋಷಿಸಿದ ಮೇಲೆ ಒಂದೇ ಒಂದು ಸಲ ಬದಲಾಯಿಸಬಹುದು, ಅದಕ್ಕೂ ಮುಖ್ಯಸ್ಥರ ಸಹಿ ಬೇಕು. ಗಡುವು ತಪ್ಪಿದರೆ ವಿಶೇಷವೂ ಇಲ್ಲ, ಉಪವೂ ಇಲ್ಲ, ಬರೀ ಪದವಿ. ‘ಆಮೇಲೆ ಬಂದು ಅತ್ರೆ ಕಂಪ್ಯೂಟರ್ ಕರಗಲ್ಲಮ್ಮ’ ಎಂದು ಕಚೇರಿಯ ಗುಮಾಸ್ತರು ಎಲ್ಲರಿಗೂ ಹೇಳಿ ಹೇಳಿ ಅವರ ಗಂಟಲೇ ಕಟ್ಟಿಹೋಗಿದೆ.

ವಿಶೇಷ ಭಾಗಕ್ಕೆ ನಮ್ಮಲ್ಲಿ ಇರುವುದು ಎರಡೇ: ಅಂತರ್ಜಲ, ಇಲ್ಲವೇ ಗಣಿ ಸುರಕ್ಷತೆ. ನಾನು ಗಣಿ ಸುರಕ್ಷತೆ ತೆಗೆದುಕೊಳ್ಳುತ್ತೇನೆಂದು ನಿನಗೆ ಹೇಳಿರಲಿಲ್ಲ. ಹೇಳಿದ್ದರೆ ಅಮ್ಮನೂ ನೀನೂ ಸೇರಿ ನನ್ನನ್ನು ನೀರಿಗೇ ತಳ್ಳುತ್ತಿದ್ದಿರಿ. ಅದನ್ನು ಆರಿಸುವವರು ಘೋಷಿಸುವ ಮೊದಲು ಒಮ್ಮೆ ಗಣಿಯೊಳಗೆ ಇಳಿದು ಬರಬೇಕೆಂಬುದು ನಿಯಮ. ನಿನ್ನೆ ನಮ್ಮನ್ನು ಒಂದು ಕಲ್ಲಿದ್ದಲು ಗಣಿಗೆ ಕರೆದೊಯ್ದರು. ಕರೆದೊಯ್ದವರು ನಮ್ಮ ಸೀಟಿ ಮೇಡಂ. ಕೊರಳಲ್ಲಿ ಸದಾ ಸೀಟಿ ನೇತಾಡುವುದರಿಂದ ಆ ಹೆಸರು.

ಕೆಳಗೆ ಇಳಿದಾಗ ಮೊದಮೊದಲು ಖುಷಿಯೇ ಇತ್ತಪ್ಪಾ. ಹೆಲ್ಮೆಟ್ಟಿನ ದೀಪದಲ್ಲಿ ಕಲ್ಲಿದ್ದಲು ಮಿಣಮಿಣ ಎನ್ನುತ್ತಿತ್ತು. ಇದೇ ಕತ್ತಲಲ್ಲಿ ನೀನು ಬುತ್ತಿ ಬಿಚ್ಚುತ್ತೀಯ ಎಂದುಕೊಂಡು ಗೋಡೆ ಮುಟ್ಟಿ ನೋಡಿದೆ. ಅಷ್ಟರಲ್ಲಿ ಮೇಡಂ ಸೊಂಟದಲ್ಲಿದ್ದ ಗ್ಯಾಸ್ ಮೀಟರ್ ಕೂಗತೊಡಗಿತು. ನಮ್ಮ ತರಗತಿಯ ಕಡ್ಡಿ, ಹೆಸರಿಗೆ ತಕ್ಕ ಹಾಗೆ ಸಣಕಲಿ, ‘ಮೇಡಂ, ನಿಮ್ಮ ಫೋನು’ ಎಂದು ಕಿಸಕ್ಕನೆ ನಕ್ಕಳು. ಮೇಡಂ ಮುಖ ನೋಡಿ ಆ ನಗು ಅಲ್ಲೇ ಸತ್ತಿತು. ‘ಯಾರೂ ಓಡ್ಬೇಡಿ. ಯಾವ ಸ್ವಿಚ್ಚೂ ಮುಟ್ಬೇಡಿ. ಬಂದ ದಾರೀಲೇ ನಡೀರಿ’ ಎಂದರು, ಅಷ್ಟೇ. ನನ್ನ ಕಾಲು ಕಿತ್ತು ಬರಲೇ ಇಲ್ಲ. ಕಡ್ಡಿ ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು. ಹಿಂದಿನಿಂದ ಆ ಕೂಗು ಬರುತ್ತಲೇ ಇತ್ತು. ಲಿಫ್ಟಿಗೆ ಕಾಯುವಾಗ ಯಾರೋ ಸಣ್ಣಗೆ ಅಳುತ್ತಿದ್ದರು. ಅದು ನಾನೇ ಎಂದು ಆಮೇಲೆ ಗೊತ್ತಾಯಿತು.

ಮೇಲೆ ಬಂದ ಮೇಲೆ ಮೇಡಂಗೆ ತಮ್ಮ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲಾಗಲಿಲ್ಲ, ಕಡ್ಡಿಯೇ ಬಿಚ್ಚಿಕೊಟ್ಟಳು. ಒಳಗೆ ಒಂದು ಕಡೆ ಗಾಳಿ ಊದುವ ಫ್ಯಾನು ನಿಂತುಹೋಗಿತ್ತಂತೆ. ‘ಆ ಗ್ಯಾಸಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಇದು ಕೂಗದೆ ಇದ್ದಿದ್ರೆ ನಾವು ಹರಟೆ ಹೊಡ್ಕೊಂಡು ಮುಂದಕ್ಕೆ ಹೋಗ್ತಿದ್ವಿ. ಒಂದು ಕಿಡಿ ಸಾಕಿತ್ತು’ ಎಂದರು.

ಇವತ್ತು ಗಡುವಿನ ಕೊನೆಯ ದಿನ. ಬೆಳಿಗ್ಗೆ ಕಚೇರಿಗೆ ಹೋದರೆ ನಿನ್ನೆ ಇಳಿದವರೆಲ್ಲ ಅಂತರ್ಜಲದ ಸರದಿಯಲ್ಲಿದ್ದರು. ಕಡ್ಡಿ ನನಗೂ ಜಾಗ ಹಿಡಿದಿದ್ದಳು. ನಾನೂ ಹೋಗಿ ನಿಂತೆ, ಸುಳ್ಳೇಕೆ ಹೇಳಲಿ. ನಿಂತಿದ್ದಾಗ ಒಂದು ಯೋಚನೆ ಬಂತು: ನಾನೂ ನೀರಿನ ಕಡೆ ಹೋದರೆ ಆ ಮೀಟರ್ ಏನು ಹೇಳುತ್ತದೆಂದು ಓದಿ ತಿಳಿದವರು ನಮ್ಮ ಮನೆಯಲ್ಲಿ ಒಬ್ಬರೂ ಇರುವುದಿಲ್ಲವಲ್ಲ. ಸರದಿ ಬಿಟ್ಟು ಬಂದು ಗಣಿ ಸುರಕ್ಷತೆ ಎಂದೇ ಬರೆದುಕೊಟ್ಟೆ. ‘ಒಬ್ಳೇನಾ?’ ಎಂದರು ಗುಮಾಸ್ತರು. ಧೈರ್ಯ ಬಂತೆಂದುಕೊಳ್ಳಬೇಡ. ಇನ್ನೂ ಸ್ನಾನದ ಮನೆಯ ಚಿಲಕ ಹಾಕಲು ಆಗುತ್ತಿಲ್ಲ. ಒಂದು ಸಲ ಬದಲಾಯಿಸಬಹುದಲ್ಲ ಎಂಬುದೇ ಸದ್ಯಕ್ಕೆ ಆಸರೆ.

ಅಮ್ಮನಿಗೆ ಈ ಯಾವುದನ್ನೂ ಹೇಳಬೇಡ, ನಾನೇ ಹೇಳುತ್ತೇನೆ. ನಿನ್ನ ಗ್ಯಾಂಗಿನ ಮಾವಂದಿರಿಗೆಲ್ಲ ನನ್ನ ನಮಸ್ಕಾರ. ನಿನ್ನ ಕಾಲಿಗೆ ನಮಸ್ಕರಿಸಿ ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಪುಕ್ಕಲು ಮಗಳು,
ಚಿನ್ನು

ತಾ.ಕ.: ಹೇಳಬೇಕಾದದ್ದನ್ನು ಹೇಳಲೇ ಇಲ್ಲ. ಹೋದ ಭಾನುವಾರ ಫೋನಿನಲ್ಲಿ ನೀನು, ‘ನಮ್ ಮೀಟ್ರು ದಿನಾ ಬಡ್ಕೊಳತ್ತೆ ಕಣೇ, ಕೆಲಸಕ್ಕೇ ಬಿಡಲ್ಲ, ಟವಲ್ ಸುತ್ತಿಟ್ಟಿದೀವಿ’ ಎಂದೆ. ನಾನೂ ನಕ್ಕೆ. ಅದು ಕೆಟ್ಟಿಲ್ಲಪ್ಪಾ. ಈ ಕಾಗದ ಬರೆಯಲು ಕೂರುವ ಮೊದಲೇ ನಿಮ್ಮ ಸುರಕ್ಷತಾ ಅಧಿಕಾರಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ನಿಮ್ಮಪ್ಪನ ಪಾಳಿ ಆಗಲೇ ಇಳಿದಿದೆ, ಮೇಲೆ ಕರೆಸುತ್ತೇನೆ ಎಂದರು. ಕಾಯುತ್ತಾ ಸುಮ್ಮನೆ ಕೂರಲಾಗದೆ ಇಷ್ಟುದ್ದ ಬರೆದೆ. ಈಗ ತಾನೇ ಅವರ ಫೋನ್ ಬಂತು. ಗ್ಯಾಸ್ ಇತ್ತಂತೆ. ಎಲ್ಲರೂ ಮೇಲೆ ಬಂದರಂತೆ. ಎಣಿಸಿದಿರಾ ಎಂದು ಕೇಳಿದೆ. ಎಣಿಸಿದರಂತೆ. ಟವಲ್ ಸುತ್ತಿದ್ದಕ್ಕೆ ನಿಮ್ಮನ್ನೆಲ್ಲ ವಿಚಾರಣೆಗೆ ಕರೆಯುತ್ತಾರಂತೆ, ಹೇಳಿದವಳು ಯಾರೆಂದು ಗ್ಯಾಂಗಿಗೆಲ್ಲ ಗೊತ್ತಾಗುತ್ತದೆ. ನೀನು ನನ್ನ ಮೇಲೆ ಹರಿಹಾಯುತ್ತೀಯೆಂದು ಹೆದರಿ ಕೂತಿದ್ದೇನೆ. ಬೇಗ ಫೋನ್ ಮಾಡಪ್ಪಾ, ಬಾಯಿಗೆ ಬಂದಂತೆ ಬೈ, ನಿನ್ನ ದನಿ ಕೇಳಿದರೆ ಸಾಕು.